ರಾಕ್ ವೇದಿಕೆಯಲ್ಲಿ ಸೋರುವ ಮಾಳಿಗೆ

ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ರಾಕ್ ತಂಡದ ಗುಡುಗುಡಿ ಹಾಡಿಗೆ ಕುಣಿದವರು ಬಹಳ. ಅದೇ ಆಲ್ಬಂನಲ್ಲಿ ಶಿಶುನಾಳ ಷರೀಫರ ಇನ್ನೊಂದು ಹಾಡಿದೆ. ಅದಕ್ಕೆ ಕುಣಿದವರು ಕಡಿಮೆ, ಅದರ ಬಗ್ಗೆ ವಾದಿಸಿದವರು ಹೆಚ್ಚು. ಗಿಟಾರಿನ ಅಬ್ಬರದಲ್ಲಿ ಕಾವ್ಯ ಉಳಿಯಿತೇ ಎಂಬ ಪ್ರಶ್ನೆಗೆ ಉತ್ತರ ಆ ಹಾಡಿನ ಮಾಳಿಗೆಯಲ್ಲೇ ಇದೆ.

ಹುಬ್ಬಾ ಮಳೆ ಹಿಡಿದ ರಾತ್ರಿ, ಉತ್ತರ ಕರ್ನಾಟಕದ ಹಳೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಜಂತಿಯ ಸಂದಿನಿಂದ ಜಾರಿದ ಹನಿ ಅಡುಗೆಮನೆಯ ಮೂಲೆಯಲ್ಲಿಟ್ಟ ಕೊಡದೊಳಗೆ ಬೀಳತೊಡಗುತ್ತದೆ. ಕಾಳಿನ ಚೀಲಗಳನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸುತ್ತಾರೆ, ಮಕ್ಕಳನ್ನು ಎಬ್ಬಿಸಿ ಹಾಸಿಗೆ ಮಡಚುತ್ತಾರೆ, ಒಲೆಯ ಬೂದಿ ತೋಯದಂತೆ ಮೇಲೊಂದು ಬುಟ್ಟಿ ಕವುಚುತ್ತಾರೆ. ಮೇಲೆ ಹತ್ತಿ ಬಿರುಕು ಮುಚ್ಚಬೇಕೆಂದರೆ ಕತ್ತಲು, ಕಾಲಿಟ್ಟರೆ ಜಾರುವ ಹಸಿ ಮಣ್ಣು.

ಸುಮಾರು ಒಂದೂವರೆ ಶತಮಾನದ ಹಿಂದೆ ಈ ಸಂಕಟವನ್ನೇ ಶಿಶುನಾಳ ಷರೀಫರು ಹಾಡಾಗಿ ಕಟ್ಟಿದರು. ‘ಸೋರುತಿಹುದು’ ಎಂದು ಆರಂಭವಾಗುವ ಆ ತತ್ತ್ವಪದ, ಎಂದರೆ ಅಧ್ಯಾತ್ಮದ ಅನುಭವವನ್ನು ಆಡುಮಾತಿನಲ್ಲಿ ಹಾಡಿ ತಿಳಿಸುವ ಪದ, ಏಕತಾರಿಯಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಸಿನಿಮಾಕ್ಕೆ ಬಂದು, 2008ರಲ್ಲಿ ಎಲೆಕ್ಟ್ರಿಕ್ ಗಿಟಾರು ಮತ್ತು ಡ್ರಮ್ಸ್‌ಗಳ ನಡುವೆ ನಿಂತಿತು.

ಆ ವರ್ಷ ಬಿಡುಗಡೆಯಾದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಷರೀಫರ ಎರಡು ಪದಗಳಿದ್ದವು. ಗುಡುಗುಡಿಯನ್ನು ಸೇದಿ ನೋಡೆಂದು ಕರೆಯುವ ಪದ ಕಾಲೇಜು ಉತ್ಸವಗಳ ಹಾಡಾಗಿ, ಕನ್ನಡ ಬಾರದವರ ನಾಲಗೆಗೂ ಹತ್ತಿತು. ಮಾಳಿಗೆಯ ಪದ ಹಾಗೆ ಹಬ್ಬಲಿಲ್ಲ. ಆದರೆ ವಿಚಿತ್ರವೆಂದರೆ, ಬ್ಯಾಂಡಿನ ಹೊರನಾಡ ಅಭಿಮಾನಿಗಳಿಗೆ ಅಷ್ಟಾಗಿ ಗೊತ್ತಿಲ್ಲದ ಈ ಹಾಡೇ ಕನ್ನಡದ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬಂದ ತತ್ತ್ವಪದಗಳಲ್ಲಿ ಒಂದು; ಆದುದರಿಂದಲೇ ವಾದ ಬಿಸಿಯೇರುವುದು ಇದರ ಸುತ್ತಲೇ.

ವಾದದ ಮೂರು ಕವಲು

ಮೊದಲನೆಯ ಪಕ್ಷದವರು ಗಾಯಕ ಸಿ. ಅಶ್ವತ್ಥ್ ಅವರ ಕಂಠದಲ್ಲಿ ಈ ಪದವನ್ನು ಕೇಳಿ ಬೆಳೆದವರು. ತತ್ತ್ವಪದದಲ್ಲಿ ಮಾತು ಮುಂದಿರಬೇಕು, ವಾದ್ಯ ಹಿಂದಿರಬೇಕು. ಡ್ರಮ್ಸ್‌ನ ಪೆಟ್ಟು ಪದದ ಮೇಲೆ ಬಿದ್ದರೆ ಅರ್ಥ ಕೇಳುಗನನ್ನು ತಲುಪುವ ಮೊದಲೇ ಚದುರುತ್ತದೆ ಎಂಬುದು ಅವರ ಆಕ್ಷೇಪ.

ಎರಡನೆಯ ಪಕ್ಷದವರು ರಘು ದೀಕ್ಷಿತರ ಮೂಲಕವೇ ಷರೀಫರ ಹೆಸರನ್ನು ಮೊದಲ ಬಾರಿಗೆ ಕೇಳಿದವರು. ಸೋರುವ ಮನೆಯ ಹಾಡನ್ನು ಮೆಲುದನಿಯಲ್ಲಿ ಹಾಡಬೇಕೆಂಬ ನಿಯಮವೇನೂ ಇಲ್ಲ, ಅದು ಗೋಳಿನ ಹಾಡು, ಗೋಳಿಗೆ ಗಟ್ಟಿ ದನಿ ಸಹಜ ಎನ್ನುವುದು ಅವರ ಸಮರ್ಥನೆ.

ಮೂರನೆಯ ಪಕ್ಷದ ತಕರಾರು ಇನ್ನೂ ಮೂಲದ್ದು. ರಾಗವನ್ನೂ ತಾಳವನ್ನೂ ಕಳಚಿ ಬರಿಯ ಅಕ್ಷರಗಳನ್ನು ಕಾಗದದ ಮೇಲಿಟ್ಟರೆ ಇದು ಕಾವ್ಯವಾಗಿ ನಿಲ್ಲುತ್ತದೆಯೇ, ಅಥವಾ ದೇಹವೇ ಮನೆ ಎಂಬ ಹಳೆಯ ಹೋಲಿಕೆಯ ಇನ್ನೊಂದು ಆವೃತ್ತಿಯೇ ಎಂದು ಅವರು ಕೇಳುತ್ತಾರೆ. ಮೊದಲೆರಡು ಪಕ್ಷಗಳ ಜಗಳ ಕಿವಿಯ ರುಚಿಗೆ ಸಂಬಂಧಿಸಿದ್ದು, ಅದಕ್ಕೆ ತೀರ್ಪಿಲ್ಲ. ಮೂರನೆಯ ಪ್ರಶ್ನೆಗೆ ಮಾತ್ರ ಪದವನ್ನೇ ಮುಂದಿಟ್ಟುಕೊಂಡು ಉತ್ತರ ಹುಡುಕಬಹುದು, ಹುಡುಕಲೂಬೇಕು.

> ಕವಿ ಮತ್ತು ಕಾಲ
> ಶಿಶುನಾಳ ಷರೀಫರ ಕಾಲ 1819ರಿಂದ 1889. ಊರು ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕೆಲಕಾಲ ಶಾಲಾ ಶಿಕ್ಷಕರಾಗಿದ್ದ ಅವರು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಸ್ವೀಕರಿಸಿದರು. ಅವರ ಅಂಕಿತ, ಎಂದರೆ ಪದದ ಕೊನೆಯಲ್ಲಿ ಕವಿ ತನ್ನ ಗುರುತಾಗಿ ಇಡುವ ಹೆಸರು, ಶಿಶುನಾಳಾಧೀಶ. ಅವರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ.

ಮಾಳಿಗೆಯನ್ನು ಹತ್ತಿರದಿಂದ ನೋಡಿದರೆ

ಮಣ್ಣಿನ ಮಾಳಿಗೆಯ ರಚನೆ ಗೊತ್ತಿಲ್ಲದೆ ಈ ಪದದ ಕಸುಬು ತಿಳಿಯುವುದಿಲ್ಲ. ಕಂಬಗಳ ಮೇಲೆ ದಪ್ಪನೆಯ ಅಡ್ಡಮರ, ಅದೇ ತೊಲೆ; ತೊಲೆಯ ಮೇಲೆ ಸಾಲಾಗಿ ಕೂರುವ ಸಣ್ಣ ಮರಗಳು ಜಂತಿ; ಜಂತಿಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ಸೀಳುಗಳನ್ನು ಒತ್ತಾಗಿ ಹಾಸಿ, ಅದರ ಮೇಲೆ ಸೊಪ್ಪುಸದೆ ಹರಡಿ, ಕೊನೆಗೆ ಮಣ್ಣು ಹಾಕಿ ಬಡಿದು ಗಟ್ಟಿ ಮಾಡುತ್ತಾರೆ.

ಈ ಚಾವಣಿ ಒಮ್ಮೆ ಕಟ್ಟಿ ಮರೆತುಬಿಡುವಂಥದ್ದಲ್ಲ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಬೇಕು, ಹಿಂದಿನ ಮಳೆಗಾಲದಲ್ಲಿ ಹುಟ್ಟಿ ಒಣಗಿದ ಹುಲ್ಲನ್ನು ಬೇರುಸಹಿತ ಕೀಳಬೇಕು. ಏಕೆಂದರೆ ಬೇರು ಇಳಿದ ದಾರಿಯಲ್ಲೇ ನೀರು ಇಳಿಯುತ್ತದೆ, ಇರುವೆ ತೋಡಿದ ಗೂಡೇ ಮುಂದೆ ಸೋರಿಕೆಯ ಬಾಯಾಗುತ್ತದೆ. ವರ್ಷಕ್ಕೊಮ್ಮೆಯ ಈ ದುಡಿಮೆ ತಪ್ಪಿದ ಮನೆಯ ಪಾಡನ್ನು ಷರೀಫರ ಪದ ಒಬ್ಬ ಬಡಗಿಯ ಕಣ್ಣಿನಿಂದ ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸುತ್ತ ಹೋಗುತ್ತದೆ.

ತೊಲೆ ಮುರುಕಾಗಿದೆ, ಜಂತಿಗೆ ಹುಳು ಹಿಡಿದಿದೆ, ಮರಗಳನ್ನು ಬಿಗಿದಿದ್ದ ಕೀಲು ಸಡಿಲಾಗಿದೆ. ಮೇಲೆ ಹುಲ್ಲು ಹತ್ತಿದೆ, ಇರುವೆ ಮುತ್ತಿದೆ. ನೀರಿನ ರಭಸಕ್ಕೆ ಮಣ್ಣು ಕರಗಿ, ಮನೆಯ ಒಳಗು ಯಾವುದು ಹೊರಗು ಯಾವುದು ಎಂಬ ಭೇದವೇ ಅಳಿಸುತ್ತಿದೆ. ಇಷ್ಟು ಹೇಳುವಲ್ಲಿ ಒಂದೂ ಕಾಲ್ಪನಿಕ ವಿವರವಿಲ್ಲ, ಒಂದೂ ಅನಗತ್ಯ ವಿವರವಿಲ್ಲ. ಮಾಳಿಗೆಯನ್ನು ಯಾವ ಕ್ರಮದಲ್ಲಿ ಕಟ್ಟುತ್ತಾರೋ ಅದೇ ಕ್ರಮದಲ್ಲಿ ಚರಣಗಳು ಸಾಗುತ್ತವೆ.

ಅಂತ್ಯದಲ್ಲಿ ಬರುವ ಮಳೆಯೂ ಅಷ್ಟೇ ಖಚಿತ. ರೈತರ ಲೆಕ್ಕದಲ್ಲಿ ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿ, ಸೂರ್ಯ ಒಂದೊಂದರಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಮಳೆಯೆಂದು ಹೆಸರಿಡುತ್ತಾರೆ. ಹುಬ್ಬಾ ಮಳೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಬೀಳುವಂಥದ್ದು. ಜೂನ್ ತಿಂಗಳ ಮೃಗಶಿರಾದಿಂದ ಹಿಡಿದು ಮೂರು ತಿಂಗಳು ನೆಂದ ಮಣ್ಣಿನ ಮೇಲೆ ಈ ಮಳೆ ಬೀಳುವುದರಿಂದ, ಹೀರುವ ಶಕ್ತಿಯನ್ನೆಲ್ಲ ಮುಗಿಸಿಕೊಂಡ ಮಾಳಿಗೆಗೆ ಇದು ಕಡೆಯ ಪರೀಕ್ಷೆ. ಷರೀಫರು ಬೇರೆ ಯಾವುದಾದರೂ ಮಳೆಯನ್ನು ಹೆಸರಿಸಿದ್ದರೆ ಪದದ ತರ್ಕ ಇಷ್ಟು ಬಿಗಿಯಾಗುತ್ತಿರಲಿಲ್ಲ.

ಒಂದೇ ಕವಿ, ಎರಡು ಕಸುಬು

ಗುಡುಗುಡಿಯ ಪದವನ್ನು ಪಕ್ಕದಲ್ಲಿಟ್ಟರೆ ಮಾಳಿಗೆಯ ಪದದ ವಿಶೇಷ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಮನಸ್ಸೇ ಸಂಚಿ, ಮೋಹವೇ ಅದರೊಳಗಿನ ಭಂಗಿ, ಬುದ್ಧಿಯೇ ಕೆಂಡ, ಅರಿವೇ ನೀರು ಎಂದು ಕವಿ ಒಂದೊಂದು ಅಂಗಕ್ಕೂ ಅದರ ಅರ್ಥವನ್ನು ತಾನೇ ಜೋಡಿಸಿ ಕೊಡುತ್ತಾನೆ. ಅಲಂಕಾರಶಾಸ್ತ್ರ ಇದನ್ನು ಸಾವಯವ ರೂಪಕ ಎನ್ನುತ್ತದೆ. ಒಂದು ವಸ್ತುವನ್ನು ಇನ್ನೊಂದೆಂದೇ ಹೇಳುವುದು ರೂಪಕವಾದರೆ, ಅದರ ಅಂಗಾಂಗಗಳನ್ನೂ ಒಂದೊಂದಾಗಿ ಹಾಗೆಯೇ ಹೊಂದಿಸಿ ತೋರಿಸುವುದು ಸಾವಯವ ರೂಪಕ.

ಈ ರಚನೆ ಮೇಳದಲ್ಲಿ ಹಾಡಲು ಹೇಳಿ ಮಾಡಿಸಿದಂತಿದೆ. ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ಣ, ಒಂದನ್ನು ಕೇಳಿಸಿಕೊಳ್ಳದಿದ್ದರೂ ಮುಂದಿನದಕ್ಕೆ ಅಡ್ಡಿಯಿಲ್ಲ, ಬೀಟು ಏರಿದಷ್ಟೂ ಪದಕ್ಕೆ ಹುರುಪು. ರಾಕ್ ಸಂಗೀತದ ಕೈಗೆ ಅದು ಸುಲಭವಾಗಿ ಒಗ್ಗಿದ್ದು ಆಕಸ್ಮಿಕವೇನೂ ಅಲ್ಲ.

ಮಾಳಿಗೆಯ ಪದ ಬೇರೆಯೇ ದಾರಿ ಹಿಡಿಯುತ್ತದೆ. ಸೋರಿಕೆಗೆ ಅಜ್ಞಾನವೇ ಕಾರಣವೆಂದು ಆರಂಭದಲ್ಲಿ ಹೇಳಿ, ಮುಂದೆ ಭವದ ಹೆಸರನ್ನು ಒಮ್ಮೆ ಸುಳಿಸಿದ್ದು ಬಿಟ್ಟರೆ, ತೊಲೆ ಎಂದರೇನು, ಜಂತಿ ಎಂದರೇನು, ಕೀಲು ಎಂದರೇನು ಎಂದು ಕವಿ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ತೊಲೆ ಬೆನ್ನೆಲುಬೋ, ಜಂತಿ ಪಕ್ಕೆಲುಬೋ, ಕೀಲು ಮುಪ್ಪಿನಲ್ಲಿ ಸಡಿಲುವ ಕೈಕಾಲಿನ ಸಂಧಿಯೋ, ಅದನ್ನು ಕೇಳುಗನೇ ಕಾಣಬೇಕು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿ ಎಂದು ಕರೆದದ್ದು ಇದನ್ನೇ: ಮಾತು ಹೇಳುವ ಅರ್ಥದಾಚೆಗೆ, ಹೇಳದೆಯೇ ಹೊಳೆಯಿಸುವ ಅರ್ಥ.

ಒಳಗೂ ಹೊರಗೂ ಒಂದಾಗುವ ಮಾತನ್ನೇ ನೋಡಬಹುದು. ಮನೆಯ ಲೆಕ್ಕದಲ್ಲಿ ಅದು ಸರ್ವನಾಶ, ಗೋಡೆಯೇ ಉಳಿಯದ ಸ್ಥಿತಿ. ಷರೀಫರು ಗೋವಿಂದಭಟ್ಟರಿಂದ ಕಲಿತ ಅದ್ವೈತದ ಲೆಕ್ಕದಲ್ಲಾದರೆ ಜೀವ ಬಯಸಬೇಕಾದ ಕೊನೆಯ ಸ್ಥಿತಿಯೂ ಅದೇ. ಮನೆಯನ್ನು ಕೆಡವಲು ಬಂದ ಮಳೆ ಕರುಣೆಯಿಂದ ಬಂತೆಂದು ಕವಿ ಹೇಳುವಾಗ ಈ ಎರಡೂ ಅರ್ಥಗಳು ಒಂದೇ ನೀರಿನಲ್ಲಿ ಬೆರೆಯುತ್ತವೆ. ಭಯವೂ ಬಿಡುಗಡೆಯೂ ಒಟ್ಟಿಗೇ ಬರುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಪದ ಅವಕಾಶ ಕೊಡುವುದಿಲ್ಲ. ಇದು ಹಳೆಯ ಹೋಲಿಕೆಯ ಮರುಬಳಕೆಯಾಗಿದ್ದರೆ ಇಂಥ ಇಬ್ಬಂದಿ ಹುಟ್ಟುತ್ತಿರಲಿಲ್ಲ. ಮೂರನೆಯ ಪಕ್ಷದ ಪ್ರಶ್ನೆಗೆ ಇದೇ ಉತ್ತರ.

> ಬ್ಯಾಂಡಿನ ಹಾದಿ
> ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಿ ವಿಜ್ಞಾನದ ಸ್ನಾತಕೋತ್ತರ ಪದವೀಧರರು, ಭರತನಾಟ್ಯ ಕಲಿತವರು. ‘ಅಂತರಾಗ್ನಿ’ ಎಂಬ ತಂಡದಿಂದ ಹೊರಟ ಅವರ ಪಯಣ ರಘು ದೀಕ್ಷಿತ್ ಪ್ರಾಜೆಕ್ಟ್ ಆಗಿ ಬೆಳೆಯಿತು. 2008ರ ಮೊದಲ ಆಲ್ಬಂ ಅನ್ನು ಹೊರತಂದವರು ಹಿಂದಿ ಚಿತ್ರಸಂಗೀತದ ವಿಶಾಲ್-ಶೇಖರ್ ಜೋಡಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂತು. ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರದು.

ಏಕತಾರಿಯಿಂದ ಎಲೆಕ್ಟ್ರಿಕ್ ಗಿಟಾರಿಗೆ

ತತ್ತ್ವಪದಕ್ಕೆ ಇದೇ ಮೂಲ ಧಾಟಿ ಎಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ಏಕತಾರಿ, ದಮ್ಮಡಿ, ತಾಳಗಳನ್ನು ಹಿಡಿದ ಭಜನಾ ಮೇಳಗಳು ಊರಿಂದೂರಿಗೆ ಪದವನ್ನು ಒಯ್ದಾಗ ಮಟ್ಟು ಬದಲಾಯಿತು, ಕೆಲವೆಡೆ ಮಾತುಗಳೂ ಬದಲಾದವು. ಬರೆದಿಟ್ಟದ್ದಕ್ಕಿಂತ ಬಾಯಿಂದ ಬಾಯಿಗೆ ಬಂದದ್ದೇ ಹೆಚ್ಚಾದ ಪರಂಪರೆಯಲ್ಲಿ ಪಾಠಾಂತರ, ಅಂದರೆ ಒಂದೇ ಪದದ ಭಿನ್ನ ರೂಪ, ಸಹಜ.

ನಗರದ ಮಧ್ಯಮ ವರ್ಗಕ್ಕೆ ಷರೀಫರನ್ನು ತಲುಪಿಸಿದ ಕೀರ್ತಿ ಇಬ್ಬರದು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಸಂಪಾದಿಸಿ ಕೊಟ್ಟು ‘ಷರೀಫ ಭಟ್ಟ’ರೆಂದೇ ಹೆಸರಾದರು, ಅಶ್ವತ್ಥ್ ಅವುಗಳಿಗೆ ಸ್ವರ ಹಾಕಿ ಎದೆ ತುಂಬಿ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದು, ಶ್ರೀಧರ್ ಷರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ಕಾಣಿಸಿಕೊಂಡಾಗ ಅಶ್ವತ್ಥ್ ಅವರ ಮಟ್ಟುಗಳೇ ಮೂಲವೆಂಬಷ್ಟು ಗಟ್ಟಿಯಾಗಿ ಜನಮನದಲ್ಲಿ ನಿಂತವು. ಅಂದು ಹೊಸತಾಗಿದ್ದ ಆ ವಾದ್ಯಮೇಳ ಇಂದು ಶುದ್ಧ ಸಂಪ್ರದಾಯದ ಅಳತೆಗೋಲಾಗಿದೆ ಎಂಬುದನ್ನು ಮರೆತರೆ ರಾಕ್ ರೂಪಕ್ಕೆ ನ್ಯಾಯ ಸಲ್ಲಿಸಲಾಗದು.

ಹಾಡಿದರೆ ಕಾವ್ಯ ಕೆಡುತ್ತದೆಯೇ ಎಂಬ ಚರ್ಚೆಯೂ ಕನ್ನಡಕ್ಕೆ ಹೊಸದಲ್ಲ. 1950ರ ದಶಕದಲ್ಲಿ ನವ್ಯ ಕಾವ್ಯ ಹಾಡಿನ ಲಯವನ್ನು ಬಿಟ್ಟು ಮಾತಿನ ಲಯಕ್ಕೆ ಹೊರಳಿತು. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಕವನ ಸಂಕಲನ 1954ರಲ್ಲಿ ಆ ಹೊರಳುವಿಕೆಯನ್ನು ಸಾರಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವನಗಳನ್ನು ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಹೊತ್ತು ತಂದ ‘ನಿತ್ಯೋತ್ಸವ’ ಕ್ಯಾಸೆಟ್ ಕವಿತೆಯನ್ನು ಮತ್ತೆ ಕಿವಿಯ ಬಳಿಗೆ ತಂದಿತು. ನವ್ಯದ ನಾಯಕರಾದ ಅಡಿಗರೇ ಸಾವಿರಾರು ಜನಕ್ಕೆ ಪರಿಚಿತರಾಗಿರುವುದು ಮೋಹನ ಮುರಳಿಯ ಕವನದಿಂದ, ಅದೂ ಹಾಡಿನ ರೂಪದಲ್ಲಿ. ಕನ್ನಡ ಕಾವ್ಯ ಪುಟಕ್ಕೂ ಕಂಠಕ್ಕೂ ನಡುವೆ ಸದಾ ಓಡಾಡುತ್ತಲೇ ಬಂದಿದೆ.

2016ರಲ್ಲಿ ಬಾಬ್ ಡಿಲನ್ ಅವರಿಗೆ ಸಾಹಿತ್ಯದ ನೊಬೆಲ್ ಬಂದಾಗ ಇದೇ ಪ್ರಶ್ನೆ ಜಗತ್ತಿನ ಮುಂದೆ ಬಂತು. ಹಾಡುಗಾರನಿಗೆ ಸಾಹಿತ್ಯದ ಪ್ರಶಸ್ತಿ ಸಲ್ಲದು ಎಂದವರಿದ್ದರು, ಹೋಮರನ ಕಾವ್ಯವೂ ಕಂಠದಿಂದಲೇ ಬಂದದ್ದೆಂದು ನೆನಪಿಸಿದವರೂ ಇದ್ದರು. ದಾಸರ ಪದ, ಶರಣರ ವಚನ, ಅವಧೂತರ ತತ್ತ್ವಪದಗಳನ್ನು ಪಠ್ಯವಾಗಿಯೂ ಹಾಡಾಗಿಯೂ ಒಟ್ಟಿಗೇ ಪಡೆದ ನಾಡಿಗೆ ಆ ಜಗಳ ಅಪರಿಚಿತವಾಗಿರಲಿಲ್ಲ.

ಗಿರಣಿಯ ಪದ, ನದಿಯ ಹಾಡು

ಷರೀಫರು ಕಂಡದ್ದನ್ನೆಲ್ಲ ಪದವಾಗಿಸಿದವರು. ಹುಬ್ಬಳ್ಳಿಗೆ ನೂಲಿನ ಗಿರಣಿ ಬಂದಾಗ ಅದರ ವಿಸ್ತಾರವನ್ನು ನೋಡೆಂದು ಕರೆದು ಅದನ್ನೂ ತತ್ತ್ವಕ್ಕೆ ಒಗ್ಗಿಸಿದರು. ಅಂಥ ಕಣ್ಣಿಗೆ ಇಂದು ಗುಜರಾತಿನ ಸೂರತ್ ನಗರದ ಉಧ್ನಾದಲ್ಲಿ ಹಗಲಿರುಳು ಪಾಳಿಯ ಮೇಲೆ ಬಡಿಯುವ ಪವರ್‌ಲೂಮ್‌ಗಳೂ, ಒಡಿಶಾ, ಉತ್ತರ ಪ್ರದೇಶ, ಮಹಾರಾಷ್ಟ್ರಗಳಿಂದ ಬಂದು ಅವುಗಳ ಮುಂದೆ ನಿಲ್ಲುವ ಕಾರ್ಮಿಕರೂ ಪದದ ವಸ್ತುವಾಗದೆ ಇರುತ್ತಿರಲಿಲ್ಲ. ಯಂತ್ರವೆಂದರೆ ಕಾವ್ಯಕ್ಕೆ ಹೊರತು ಎಂಬ ಸಂಕೋಚ ಅವರಿಗಿರಲಿಲ್ಲ. ವಿದ್ಯುತ್ ವಾದ್ಯವೆಂದರೆ ತತ್ತ್ವಪದಕ್ಕೆ ಹೊರತು ಎನ್ನುವವರು ಇದನ್ನು ಗಮನಿಸಬೇಕು.

 ಜನಪದ ಹಾಡನ್ನು ವಿದ್ಯುತ್ ವಾದ್ಯಗಳಿಗೆ ತಂದ ಇನ್ನೊಂದು ರಾಕ್ ತಂಡದ ಇಂಥದೇ ಕಥೆ ನರ್ಮದಾ ನದಿಗೆ ಅಂಟಿಕೊಂಡಿದೆ.

> ರೇವಾ ಎಂಬ ತಾಯಿ
> ದಿಲ್ಲಿಯ ‘ಇಂಡಿಯನ್ ಓಷನ್’ ತಂಡ 2000ದ ‘ಕಂದಿಸಾ’ ಆಲ್ಬಂನಲ್ಲಿ ಹಾಡಿದ ‘ಮಾ ರೇವಾ’ ನರ್ಮದಾ ಕಣಿವೆಯ ಜನಪದ ಹಾಡು. ರೇವಾ ಎಂಬುದು ನರ್ಮದೆಯ ಇನ್ನೊಂದು ಹೆಸರು. ತಂಡದ ಬಾಸ್ ಗಿಟಾರ್ ವಾದಕ ರಾಹುಲ್ ರಾಮ್ ಅಣೆಕಟ್ಟೆಯನ್ನು ವಿರೋಧಿಸಿದ ನರ್ಮದಾ ಬಚಾವೋ ಆಂದೋಲನದಲ್ಲಿ ತೊಡಗಿಕೊಂಡಿದ್ದವರು. ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟೆಯ ಎತ್ತರ ಏರಿಸಲು ಸುಪ್ರೀಂ ಕೋರ್ಟ್ ಅನುಮತಿ ನೀಡಿದ್ದೂ 2000ದಲ್ಲಿಯೇ, ಅಕ್ಟೋಬರ್ 18ರಂದು. ಗುಜರಾತಿನ ಆ ಅಣೆಕಟ್ಟೆಯ ಪೂರ್ಣ ಎತ್ತರ 138.68 ಮೀಟರ್.

ನದಿಯನ್ನು ತಾಯಿಯೆಂದು ಕೊಂಡಾಡುವ ಸರಳ ಸ್ತುತಿ, ಕಣಿವೆಯ ಊರುಗಳು ಮುಳುಗುತ್ತಿದ್ದ ಕಾಲದಲ್ಲಿ ಹಾಡಿದಾಗ ಬೇರೊಂದು ತೂಕ ಪಡೆಯಿತು. ಹಾಡಿನ ಒಂದಕ್ಷರವೂ ರಾಜಕೀಯ ಹೇಳುವುದಿಲ್ಲ, ಆದರೂ ಕೇಳುಗರು ಅದರಲ್ಲಿ ನೆಲ ಕಳೆದುಕೊಂಡವರ ದನಿಯನ್ನು ಕೇಳಿದರು. ಮಾಳಿಗೆಯ ಪದಕ್ಕೆ ದಕ್ಕಬೇಕಾದ ಕೇಳುವಿಕೆಯೂ ಇಂಥದೇ: ನದಿ ಮೊದಲು ನದಿಯಾಗಿರಬೇಕು, ಮನೆ ಮೊದಲು ಮನೆಯಾಗಿರಬೇಕು, ಆಮೇಲಷ್ಟೇ ಅವು ಬೇರೇನನ್ನಾದರೂ ಧ್ವನಿಸಬಲ್ಲವು.

ತೀರ್ಪಿಗೆ ಬೇಕಾದ ಸಾಕ್ಷ್ಯ

ಹಾಗಾದರೆ ರಾಕ್ ರೂಪ ಪದದ ಕಾವ್ಯವನ್ನು ಉಳಿಸಿತೇ? ಪದದಲ್ಲಿರುವುದು ಎರಡು ಪದರ: ಮನೆ ಕುಸಿಯುವ ಗಾಬರಿ ಒಂದು, ಆ ಕುಸಿತದೊಳಗೇ ಕರುಣೆಯನ್ನು ಕಾಣುವ ನಂಬಿಕೆ ಇನ್ನೊಂದು. ಡ್ರಮ್ಸ್ ಮತ್ತು ಗಿಟಾರಿನ ಭರ ಮೊದಲ ಪದರವನ್ನು ಮೈಗೆ ತಾಕುವಂತೆ ಮಾಡುತ್ತದೆ. ಮಳೆಯ ರಭಸ, ಮರ ಮುರಿಯುವ ಭಯ ಅಲ್ಲಿ ನಿಜವಾಗುತ್ತವೆ. ಎರಡನೆಯ ಪದರ ಕೇಳುಗನಿಂದ ಹೆಚ್ಚಿನದನ್ನು ಬೇಡುತ್ತದೆ, ಅದಕ್ಕೆ ಪದದ ಪ್ರತಿಯೊಂದು ಮಾತೂ ಕಿವಿಗೆ ಬೀಳಬೇಕು, ಬಿದ್ದದ್ದು ತಿಳಿಯಬೇಕು.

ಕೊರತೆ ಇರುವುದು ಇಲ್ಲಿ, ಅದು ಯಾವ ಗಾಯಕನ ಕೊರತೆಯೂ ಅಲ್ಲ. ಕಾಂಕ್ರೀಟಿನ ಮನೆಯಲ್ಲಿ ಹುಟ್ಟಿ ಬೆಳೆದ ಕೇಳುಗನಿಗೆ ಜಂತಿ ಗೊತ್ತಿಲ್ಲ, ಹುಬ್ಬಾ ಮಳೆ ಗೊತ್ತಿಲ್ಲ, ಮಾಳಿಗೆಗೆ ಮಣ್ಣು ಹಾಕುವ ಬೇಸಿಗೆಯ ಕೆಲಸ ಗೊತ್ತಿಲ್ಲ. ಆದ್ದರಿಂದ ಅವನಿಗೆ ಪದದ ಮನೆ ಕಾಣದೆ ನೇರವಾಗಿ ಉಪದೇಶ ಮಾತ್ರ ಕೇಳಿಸುತ್ತದೆ. ಅಶ್ವತ್ಥ್ ಧಾಟಿಯಲ್ಲಿ ಕೇಳಿದರೂ, ರಘು ದೀಕ್ಷಿತ್ ಧಾಟಿಯಲ್ಲಿ ಕೇಳಿದರೂ ಈ ನಷ್ಟ ಒಂದೇ. ಕಾವ್ಯಮೌಲ್ಯದ ಬಗ್ಗೆ ವಾದಿಸುವ ಅಭಿಮಾನಿಗಳು ಧಾಟಿಯನ್ನು ಅಳೆಯುವ ಮೊದಲು ಮಾಳಿಗೆಯನ್ನು ಅರಿಯಬೇಕಾಗಿದೆ.

ಇದಕ್ಕೆ ದಾರಿಗಳೂ ತೆರೆದಿವೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ತ್ವಪದಗಳ ಸಮಗ್ರ ಸಂಪುಟಗಳನ್ನು ಹೊರತಂದಿದೆ, ಷರೀಫರ ಪದಗಳ ಸಂಗ್ರಹಗಳು ಅಂಗಡಿಗಳಲ್ಲಿ ಸಿಗುತ್ತವೆ. ಹಾಡಿನ ಜೊತೆಗೆ ಪೂರ್ಣ ಪಠ್ಯವನ್ನೂ ಕಠಿಣ ಪದಗಳ ಅರ್ಥವನ್ನೂ ಕೊಡುವುದು ಬ್ಯಾಂಡುಗಳಿಗೆ ಹೊರೆಯಲ್ಲ; ಕವಿಯ ಹೆಸರನ್ನು ಕಾಲೇಜಿನ ವೇದಿಕೆಯ ಮೇಲೆ ಹೇಳುವುದು ಇನ್ನೂ ಸುಲಭ. ಶಾಲೆಯ ಕನ್ನಡ ತರಗತಿಯಲ್ಲಿ ಈ ಪದವನ್ನು ಅಶ್ವತ್ಥ್ ಅವರ ಮಟ್ಟಿನಲ್ಲೊಮ್ಮೆ, ರಾಕ್ ಮಟ್ಟಿನಲ್ಲೊಮ್ಮೆ ಕೇಳಿಸಿ, ಯಾವುದರಲ್ಲಿ ಯಾವ ಮಾತು ಎದ್ದು ಕಾಣುತ್ತದೆಂದು ಮಕ್ಕಳನ್ನೇ ಕೇಳಿದರೆ ಕಾವ್ಯಮೀಮಾಂಸೆಯ ಮೊದಲ ಪಾಠ ಅಲ್ಲಿಯೇ ಆಗುತ್ತದೆ.

ಬ್ಯಾಂಡಿನ ಜನಪ್ರಿಯ ಹಾಡು ತನ್ನ ಹಾದಿಯನ್ನು ತಾನೇ ಕಂಡುಕೊಂಡಿದೆ, ಅದಕ್ಕೆ ವಕೀಲರು ಬೇಡ. ಕಡಿಮೆ ಕೇಳಿದ ಹಾಡಿಗೆ ಮಾತ್ರ ಜಗಳವಾಡುವ ಅಭಿಮಾನಿಗಳು ಬೇಕು, ಏಕೆಂದರೆ ಅವರ ವಾದವೇ ಹೊಸ ಕೇಳುಗನನ್ನು ಪದದ ಬಳಿಗೆ ಕರೆತರುತ್ತದೆ. ಷರೀಫರ ಮಾಳಿಗೆಯ ಪದ ಆ ವಾದದ ಪರೀಕ್ಷೆಯನ್ನು ತಡೆದುಕೊಳ್ಳುವಷ್ಟು ಗಟ್ಟಿಯಾದ ಕಾವ್ಯ. ಪುಟದ ಮೇಲೂ ಅದು ನಿಲ್ಲುತ್ತದೆ, ಏಕತಾರಿಯ ಜೊತೆಗೂ ನಿಲ್ಲುತ್ತದೆ, ಎಲೆಕ್ಟ್ರಿಕ್ ಗಿಟಾರಿನ ಎದುರೂ ನಿಲ್ಲುತ್ತದೆ.